ವಿಲೀನವೂ ಬೆಳವಣಿಗೆಯೂ: ರೆನೆಸಾಸ್ ಕಂಪನಿಯ ಲೆಕ್ಕ

ಬೆಂಗಳೂರಿನ ಸ್ಟೆರಾಡಿಯನ್ ಸೆಮಿಕಂಡಕ್ಟರ್ಸ್ ಎಂಬ ಸಣ್ಣ ಕಂಪನಿಯನ್ನು ಜಪಾನಿನ ರೆನೆಸಾಸ್ ಎಲೆಕ್ಟ್ರಾನಿಕ್ಸ್ 2022ರಲ್ಲಿ ಕೊಂಡುಕೊಂಡಿತು. ವಾಹನಗಳ ರಾಡಾರ್ ಚಿಪ್‌ಗಳನ್ನು ವಿನ್ಯಾಸಗೊಳಿಸುತ್ತಿದ್ದ ಈ ಕಂಪನಿಗೆ ಸ್ವಂತ ಚಿಪ್ ಕಾರ್ಖಾನೆ ಇರಲಿಲ್ಲ. ಕೊಂಡವರಿಗೆ ಬೇಕಾಗಿದ್ದುದೂ ಕಾರ್ಖಾನೆಯಲ್ಲ, ತಮ್ಮಲ್ಲಿಲ್ಲದ ವಿದ್ಯೆ. ಈ ವಿವೇಕ ರೆನೆಸಾಸ್‌ಗೆ ಸುಲಭವಾಗಿ ಬಂದುದಲ್ಲ.

2003ರ ಏಪ್ರಿಲ್‌ನಲ್ಲಿ ಹಿಟಾಚಿ ಮತ್ತು ಮಿತ್ಸುಬಿಷಿ ಎಲೆಕ್ಟ್ರಿಕ್ ತಮ್ಮ ಚಿಪ್ ವಿಭಾಗಗಳನ್ನು ಕೂಡಿಸಿ, ಶೇ. 55 ಮತ್ತು 45ರ ಪಾಲಿನಲ್ಲಿ ರೆನೆಸಾಸ್ ಟೆಕ್ನಾಲಜಿಯನ್ನು ಸ್ಥಾಪಿಸಿದವು. 2010ರ ಏಪ್ರಿಲ್‌ನಲ್ಲಿ ಅದು ಎನ್‌ಇಸಿ ಎಲೆಕ್ಟ್ರಾನಿಕ್ಸ್ ಜೊತೆ ಒಂದಾಯಿತು. ಗಾತ್ರವೇನೋ ದೊಡ್ಡದಾಯಿತು. ಆದರೆ ಮೂವರೂ ತಂದದ್ದು ಒಂದೇ ಬಗೆಯ ಸರಕು, ತಮ್ಮ ತಮ್ಮ ಕಾರ್ಖಾನೆ, ತಮ್ಮ ತಮ್ಮ ಸಿಬ್ಬಂದಿ. ಸೊರಬ, ಚಂದ್ರಗುತ್ತಿಯ ಕಡೆ ಅರ್ಧ ವರ್ಷ ನಿಂತೇ ಇರುವ ಎರಡು ಅಕ್ಕಿ ಗಿರಣಿಗಳನ್ನು ಒಂದೇ ಹೆಸರಿನಡಿ ತಂದರೆ ಭತ್ತದ ಆವಕ ಹೆಚ್ಚುವುದಿಲ್ಲ. ಎರಡೂ ಗಿರಣಿಗಳ ಸಾಲ ಮಾತ್ರ ಒಂದೇ ಪುಸ್ತಕಕ್ಕೆ ಬರುತ್ತದೆ.

2011ರ ಭೂಕಂಪದಲ್ಲಿ ನಾಕಾ ಕಾರ್ಖಾನೆ ತಿಂಗಳುಗಟ್ಟಲೆ ನಿಂತಿತು. 2013ರಲ್ಲಿ ಸರ್ಕಾರದ ಬೆಂಬಲವಿದ್ದ ಹೂಡಿಕೆ ನಿಧಿಯೂ, ಟೊಯೊಟಾ, ನಿಸ್ಸಾನ್ ಮೊದಲಾದ ಗ್ರಾಹಕ ಕಂಪನಿಗಳೂ ಸೇರಿ 15,000 ಕೋಟಿ ಯೆನ್ ತೊಡಗಿಸಿದವು. ಗ್ರಾಹಕನೇ ಬಂಡವಾಳ ಹಾಕಿ ಸರಬರಾಜುದಾರನನ್ನು ಉಳಿಸಿಕೊಂಡ ಪ್ರಸಂಗವಿದು! ಹಳೆಯ ಷೇರುದಾರರ ಪಾಲು ಮಾತ್ರ ಕುಗ್ಗಿತು. ಕಾರ್ಖಾನೆಗಳನ್ನು ಮುಚ್ಚಿ, ಮಾರಿ, ಸಾವಿರಾರು ನೌಕರರನ್ನು ಕಡಿಮೆ ಮಾಡಿದ ಮೇಲಷ್ಟೇ ಕಂಪನಿ ಚೇತರಿಸಿಕೊಂಡಿತು.

ಅನಂತರದ ಖರೀದಿಗಳು ಬೇರೆ ಜಾತಿಯವು. 2017ರಲ್ಲಿ ಸುಮಾರು 320 ಕೋಟಿ ಡಾಲರಿಗೆ ವಿದ್ಯುತ್ ನಿಯಂತ್ರಣದ ಚಿಪ್‌ಗಳ ಇಂಟರ್ಸಿಲ್, 2019ರಲ್ಲಿ ಸುಮಾರು 670 ಕೋಟಿ ಡಾಲರಿಗೆ ಐಡಿಟಿ, 2021ರಲ್ಲಿ ಡಯಲಾಗ್. ತನ್ನ ಮೈಕ್ರೋಕಂಟ್ರೋಲರ್ ಕೊಳ್ಳುವ ಗ್ರಾಹಕನಿಗೆ ಅದರ ಪಕ್ಕದಲ್ಲಿ ಕೂರುವ ಚಿಪ್‌ಗಳನ್ನೂ ತಾನೇ ಮಾರುವುದು ಉದ್ದೇಶ.

ಇಂತಹ ಖರೀದಿಯಲ್ಲಿ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ತೆತ್ತ ಬೆಲೆ ಗುಡ್‌ವಿಲ್ ಎಂದು ಪುಸ್ತಕದಲ್ಲಿ ಕೂರುತ್ತದೆ. ನಮ್ಮ ಸಣ್ಣ ಕಂಪನಿಗಳಿಗೆ ಅನ್ವಯಿಸುವ ಲೆಕ್ಕ ಮಾನಕ 14ರಂತೆ, ವಿಲೀನದಿಂದ ಬಂದ ಗುಡ್‌ವಿಲ್ಲನ್ನು ಸಾಮಾನ್ಯವಾಗಿ 5 ವರ್ಷದೊಳಗೆ ವಜಾ ಹಾಕಬೇಕು. 2021ರ ಹಣಕಾಸು ಕಾಯ್ದೆಯ ಬಳಿಕ ಆದಾಯ ತೆರಿಗೆಯಲ್ಲಿ ಅದಕ್ಕೆ ಸವಕಳಿಯೂ ಇಲ್ಲ. ಹೀಗಾಗಿ ಲಾಭ ಪುಸ್ತಕದಲ್ಲಿ ಇಳಿದರೂ ತೆರಿಗೆ ಇಳಿಯದು.

ಎರಡು ಸಣ್ಣ ಕಂಪನಿಗಳು ನ್ಯಾಯಮಂಡಳಿಯ ಮೆಟ್ಟಿಲೇರದೆ ಒಂದಾಗಲು 2013ರ ಕಂಪನಿ ಕಾಯ್ದೆಯ 233ನೇ ಕಲಮು ಅವಕಾಶ ಕೊಟ್ಟಿದೆ. ಆದರೆ ಶೇ. 90ರಷ್ಟು ಷೇರುಗಳ ಒಪ್ಪಿಗೆಯೊಡನೆ, ಸಾಲದ ಮೌಲ್ಯದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸಾಲಿಗರ ಒಪ್ಪಿಗೆಯೂ ಬೇಕು. ನಮ್ಮಲ್ಲಿ ದೊಡ್ಡ ಸಾಲಿಗನೆಂದರೆ ಬಹುತೇಕ ಬ್ಯಾಂಕು. ಆದುದರಿಂದ ಹೊಸ ಹೆಸರಿನ ಫಲಕ ಬರೆಸುವ ಮೊದಲು ಬ್ಯಾಂಕಿನ ಶಾಖಾ ವ್ಯವಸ್ಥಾಪಕರನ್ನು ಕಾಣುವುದು ಒಳ್ಳೆಯದು.