ಅಪ್ಪನ ಎಚ್‌ಎಂಟಿಗಳಿಗೆ ಒಂದು ಲೆಕ್ಕದ ಪುಸ್ತಕ

ಪ್ರಶ್ನೆ: ಹೊಸಪೇಟೆಯ ಓದುಗರೊಬ್ಬರ ತಂದೆ ಬಿಟ್ಟುಹೋದ ಕೈಗಡಿಯಾರಗಳಲ್ಲಿ ಹೆಚ್ಚಿನವು ಎಚ್‌ಎಂಟಿ. ಕೆಲವು ಸಂಡೂರಿನ ಅಣ್ಣನ ಮನೆಯಲ್ಲಿ, ಕೆಲವು ಕಂಪ್ಲಿಯ ಅಕ್ಕನ ಮನೆಯಲ್ಲಿವೆ. ಯಾವುದು ಎಲ್ಲಿದೆ, ಯಾವಾಗ ರಿಪೇರಿಯಾಯಿತು ಎಂಬುದು ನೆನಪಿಲ್ಲ. ಲೆಕ್ಕ ಇಡುವುದು ಹೇಗೆ?

ಉತ್ತರ: ಮೊದಲು ಪ್ರತಿ ವಾಚಿಗೂ ಒಂದು ಕ್ರಮಸಂಖ್ಯೆ ಕೊಡಿ. ಅದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ, ವಾಚಿಗಲ್ಲ.

ನೋಟ್‌ಬುಕ್ ಸಾಕು, ಎಕ್ಸೆಲ್ ಆದರೆ ಹುಡುಕಲು ಸುಲಭ. ಮಾದರಿ (ಜನತಾ, ಪೈಲಟ್, ಕಾಂಚನ್), ಹಿಂಬದಿ ಮುಚ್ಚಳದ ಅಂಕಿಗಳು, ಕೀಲಿಯದೋ ಬ್ಯಾಟರಿಯದೋ, ಈಗ ಯಾರ ಬಳಿ ಇದೆ, ರಿಪೇರಿಯ ದಿನಾಂಕ ಮತ್ತು ಖರ್ಚು ಬರೆಯಿರಿ. ಹಗಲು ಬೆಳಕಿನಲ್ಲಿ ಡಯಲ್, ಮುಚ್ಚಳ, ಕೀಲಿಗುಂಡಿಯ ಫೋಟೊ ತೆಗೆಯಿರಿ. ಬಿಲ್ಲು, ವಾರಂಟಿ ಕಾರ್ಡ್ ಎಸೆಯಬೇಡಿ.

ರಿಪೇರಿಯ ಅಂಕಣವೇ ಮುಖ್ಯ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಶುರುಮಾಡಿತು; ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಸಮಿತಿ 2016ರಲ್ಲಿ ಒಪ್ಪಿತು. ಹಾಗಾಗಿ ಮೂಲ ಬಿಡಿಭಾಗಗಳು ಈಗ ಸುಲಭವಾಗಿ ಸಿಗುವುದಿಲ್ಲ; ಬದಲಿಸಿದ ಮುಳ್ಳು, ಮರುಬಣ್ಣ ಬಳಿದ ಡಯಲ್ ಎಲ್ಲವನ್ನೂ ನಮೂದಿಸಿ. ಮೂಲ ಬಿಡಿಭಾಗ ಉಳಿದಿದ್ದರೆ ಬೆಲೆ ಹೆಚ್ಚು.

ಸಂಡೂರಿನ ಗಣಿ ಧೂಳಿನಿಂದ ವಾಚುಗಳನ್ನು ದೂರವಿಡಿ. ಬಳಸದ ಬ್ಯಾಟರಿ ವಾಚಿನ ಸೆಲ್ ತೆಗೆಸಿಡಿ, ಸೋರಿದರೆ ಯಂತ್ರ ಹಾಳು.

ಗಾಜಿನೊಳಗೆ ಮಂಜು ಕಂಡರೆ ಮುಚ್ಚಳ ತೆರೆಯದೆ ಅನುಭವಿ ವಾಚ್ ರಿಪೇರಿಯವರಿಗೆ ಕೂಡಲೇ ಕೊಡಿ. ವಿಮೆ ಬೇಕಿದ್ದರೆ ಲಿಖಿತ ಮೌಲ್ಯಮಾಪನ ಮಾಡಿಸಿ. ಒಡಹುಟ್ಟಿದವರಲ್ಲಿ ಹಂಚಿಕೆಯ ತಕರಾರಿದ್ದರೆ ಪಟ್ಟಿಯ ಪ್ರತಿಯೊಂದಿಗೆ ವಕೀಲರನ್ನು ಕಾಣಿ. ಇಲ್ಲದಿದ್ದರೆ ಮೂವರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.