ವಿದ್ಯುತ್ ಕಣಜ: ಉಪಯೋಗ ಮತ್ತು ಎಚ್ಚರಿಕೆ

ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಲ್ಲಿ ಹಗಲು ಹುಟ್ಟುವ ವಿದ್ಯುತ್ತು ದೀಪ ಹಚ್ಚುವ ಹೊತ್ತಿಗೆ ಒದಗದು. ಇಂಥ ವಿದ್ಯುತ್ತಿನಲ್ಲಿ ಹೆಚ್ಚಾದುದನ್ನು ಕಣಜದ ಕಾಳಿನಂತೆ ಕೂಡಿಟ್ಟು ಸಂಜೆ ಜಾಲಕ್ಕೆ ಬಿಡುವುದೇ ಭಾರಿ ಬ್ಯಾಟರಿಗಳ ಕೆಲಸ.

ಆದರೆ ಹಸಿ ಮೇವಿನ ಬಣವೆಯಂತೆ, ಲಿಥಿಯಂ ಕೋಶವೊಂದು ಕೆಟ್ಟರೆ ಒಳಗೇ ಕಾವೇರಿ ಪಕ್ಕದ ಕೋಶಗಳಿಗೂ ಹರಡಬಹುದು. ಹೊತ್ತಿಕೊಳ್ಳುವ ಅನಿಲವೂ ಹೊರಬರುತ್ತದೆ. 2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಅಂಥ ಅನಿಲ ತುಂಬಿದ ಘಟಕದ ಬಾಗಿಲು ತೆರೆದ ಬಳಿಕ ಸ್ಫೋಟವಾಗಿ ಅಗ್ನಿಶಾಮಕ ಸಿಬ್ಬಂದಿ ಗಾಯಗೊಂಡರು. ಲಿಥಿಯಂ ಐರನ್ ಫಾಸ್ಫೇಟ್ ಮಾದರಿಯು ಶಾಖವನ್ನು ಹೆಚ್ಚು ತಾಳುತ್ತದೆ, ನಿರಪಾಯವೇನಲ್ಲ.

ಇದಕ್ಕೆ ಜಮೀನು ಗುತ್ತಿಗೆ ಕೊಡುವ ರೈತ ಬಾಂಧವರು ಪೆಟ್ಟಿಗೆಗಳ ನಡುವಿನ ಅಂತರ, ಅನಿಲ ಹೊರಹೋಗುವ ದಾರಿ, ಬೆಂಕಿ ನಂದಿಸುವ ನೀರು ಹರಿದು ಸೇರುವ ಜಾಗ, ಇವನ್ನು ಕರಾರಿಗೆ ಮೊದಲೇ ವಿಚಾರಿಸತಕ್ಕದ್ದು. ಹೊಗೆ ಕಂಡರೆ ಬಾಗಿಲು ತೆರೆಯಕೂಡದು. ದನಕರುಗಳನ್ನು ಹೊಗೆಯ ಹಾದಿಯಿಂದ ದೂರ ಸಾಗಿಸಿ 112ಕ್ಕೆ ತಿಳಿಸುವುದು.