ವಿದ್ಯಾವಿನಿಮಯದ ಫಲ

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ಹಿರಿಯರು ಹೇಳುವರು. ಗಣಕವಿಜ್ಞಾನದಲ್ಲಿ ಇದಕ್ಕೆ ಪ್ರೊ. ವಿ. ರಾಜಾರಾಮನ್ ಅವರ ಜೀವನವೇ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅವರು ಅಮೆರಿಕೆಗೆ ತೆರಳಿ, 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಸ್ವದೇಶಕ್ಕೆ ಮರಳಿ ಕಾನ್ಪುರದ ಐ.ಐ.ಟಿ.ಯನ್ನು ಸೇರಿದರು. ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳ ಸಹಕಾರದಿಂದ 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಗಣಕಯಂತ್ರವೂ ಬಂದಿತು. ತಾವು ಕಲಿತುದನ್ನು ಸುಲಭಬೆಲೆಯ ಪಠ್ಯಗ್ರಂಥಗಳಲ್ಲಿ ತಿಳಿಯಾಗಿ ಬರೆದು, ವಿದೇಶವನ್ನೇ ಕಾಣದ ವಿದ್ಯಾರ್ಥಿಗಳಿಗೂ ಅವರು ದೊರಕಿಸಿಕೊಟ್ಟರು.

ಕಾರವಾರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಗಿದೆ. ಕಾರವಾರ, ಅಂಕೋಲೆಗಳ ವಿದ್ಯಾರ್ಥಿಯು ಇಂಟರ್ನ್‌ಶಿಪ್ಪಿಗೆಂದು ಕಡಲಾಚೆ ಹೋದರೆ, ಅದು ಅವನೊಬ್ಬನ ಏಳಿಗೆಯಲ್ಲಿಯೇ ಮುಗಿಯಬಾರದು. ಅವನ ಪ್ರಯಾಣಕ್ಕೆ ನೆರವಾಗುವುದು ದಾನಿಗಳ ಧರ್ಮ. ಕಲಿತುದನ್ನು ಊರಿನ ಕಿರಿಯರಿಗೆ ಕಲಿಸುವುದು ಮರಳಿದವನು ತೀರಿಸಬೇಕಾದ ಋಣ.